ಒಂದೇ ಅಂಕಿಯೋ, ಒಂದು ವ್ಯಾಪ್ತಿಯೋ? ಸ್ಯಾಂಪಲ್‌ನಿಂದ ಅಂದಾಜು ಮಾಡುವವರಿಗೆ ಹೋಲಿಕೆಯ ಮಾರ್ಗದರ್ಶಿ

ರಾಗಿ ಕೊಯ್ಲಿನ ಹೊತ್ತಿಗೆ ನನಗೆ ವರ್ಷವರ್ಷವೂ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ ಕೇಳುತ್ತಾಳೆ: "ಸರ್, ಸರಾಸರಿ ಒಂದನ್ನೇ ಬರೆದರೆ ಸಾಕಾ? ಕಾನ್ಫಿಡೆನ್ಸ್ ಇಂಟರ್ವಲ್ ಕೂಡ ಹಾಕಬೇಕಾ? ಹಾಕೋದಾದ್ರೆ ಝಡ್ ತಗೊಳ್ಳಲಾ, ಟಿ ತಗೊಳ್ಳಲಾ?" ರೈತರ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿ ಕೇಳುತ್ತಾರೆ: "ಶೇಂಗಾ ಬೀಜ 20 ಮೊಳಕೆಗೆ ಇಟ್ಟಿದ್ವಿ, 17 ಬಂದವು. ಮೂಟೆ ಮೇಲೆ ಶೇ. 85 ಅಂತ ಬರೀಬಹುದಾ?" ಮೂರನೆಯವರು ಸಣ್ಣ ಸಂಸ್ಥೆಯವರು. ಊರಿನ 60 ಮನೆಗಳಲ್ಲಿ 40ಕ್ಕೆ ಹೋಗಿ ಆದಾಯ ಕೇಳಿ ಬಂದಿದ್ದಾರೆ, ವರದಿಗೆ ಯಾವ ಅಂಕಿ ಹಾಕಬೇಕೆಂದು ತಿಳಿಯುತ್ತಿಲ್ಲ.

ಮೂವರ ತೊಡಕೂ ಒಂದೇ. ಎಲ್ಲವನ್ನೂ ಅಳೆಯಲು ಆಗಿಲ್ಲ, ಸ್ವಲ್ಪ ಅಳೆದಿದ್ದಾರೆ. ಆ ಸ್ವಲ್ಪದಿಂದ ಇಡೀ ಪಂಚಾಯ್ತಿಯ ಬಗ್ಗೆ, ಇಡೀ ಮೂಟೆಯ ಬಗ್ಗೆ, ಇಡೀ ಊರಿನ ಬಗ್ಗೆ ಒಂದು ಮಾತು ಹೇಳಬೇಕು. ಹೇಳುವ ದಾರಿಗಳು ಎರಡು. ಒಂದೇ ಅಂಕಿ ಕೊಡುವುದು ಪಾಯಿಂಟ್ ಎಸ್ಟಿಮೇಟ್. ಇಲ್ಲಿಂದ ಇಲ್ಲಿವರೆಗೆ ಎಂದು ವ್ಯಾಪ್ತಿ ಕೊಡುವುದು ಕಾನ್ಫಿಡೆನ್ಸ್ ಇಂಟರ್ವಲ್. ಈ ಎರಡನೆಯದರಲ್ಲೇ ಮತ್ತೆ ನಾಲ್ಕಾರು ಬಗೆ ಇವೆ. ತಲೆಬಿಸಿ ಶುರುವಾಗುವುದು ಅಲ್ಲೇ.

ಮೊದಲು ಈ ನಾಲ್ಕು ಕೇಳಿಕೊಳ್ಳಿ

ಅಳೆದದ್ದು ಏನು? ತೂಕ, ಇಳುವರಿ, ಎತ್ತರದಂಥ ಅಳತೆಯೋ, ಅಥವಾ ಬಂತು–ಬರಲಿಲ್ಲ ಎಂಬ ಎಣಿಕೆಯೋ? ಎರಡಕ್ಕೂ ಬೇರೆ ಬೇರೆ ವಿಧಾನ.

ಸ್ಯಾಂಪಲ್ ಎಷ್ಟು? 4ಕ್ಕೆ ಒಪ್ಪುವುದು 400ಕ್ಕೂ ಒಪ್ಪುತ್ತದೆ. 400ಕ್ಕೆ ಒಪ್ಪಿದ್ದು 4ಕ್ಕೆ ಒಪ್ಪಬೇಕೆಂದಿಲ್ಲ.

ಆ ಅಂಕಿಯಿಂದ ಏನು ಮಾಡುತ್ತಾರೆ? ಸುಮ್ನೆ ತಿಳಿದುಕೊಳ್ಳಲಿಕ್ಕೋ, ಹಣ ಹಂಚಲಿಕ್ಕೋ, ಬಿತ್ತನೆ ಮಾಡಲಿಕ್ಕೋ? ಅಂದಾಜು ತಪ್ಪಿದರೆ ನಷ್ಟ ಯಾರ ತಲೆಗೆ ಬರುತ್ತದೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ.

ಕೊನೆಯದು, ಕೈಯಲ್ಲಿ ಏನಿದೆ? ಕಾಗದ–ಪೆನ್ನೋ, ಎಕ್ಸೆಲ್ಲೋ, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಬಲ್ಲ ಹುಡುಗರೋ?

ಒಂದೇ ಅಂಕಿ: ಯಾವಾಗ ಸಾಕು, ಯಾವಾಗ ಸಾಲದು

ಬೆಳೆ ಕಟಾವು ಪ್ರಯೋಗ ನೋಡಿದ್ದೀರಾ? ಯಾವ ಸರ್ವೆ ನಂಬರಿನ ಹೊಲ ಎಂಬುದು ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಬರುತ್ತದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಬಂದ ಎರಡು ನಂಬರಿನಂತೆ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಹೋಗಿ ಒಂದು ಗೂಟ ಹೊಡೆಯುತ್ತಾರೆ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಎಳೆಯುತ್ತಾರೆ. ಹಗ್ಗದ ಒಳಗಿನ ತೆನೆಯನ್ನಷ್ಟೇ ಕೊಯ್ದು, ಟಾರ್ಪಾಲಿನ ಮೇಲೆ ಬಡಿದು, ತೂರಿ, ತೂಗುತ್ತಾರೆ. ಅದು 25 ಚದರ ಮೀಟರ್. 400ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ ಸಿಗುತ್ತದೆ. ಹಗ್ಗದ ಮೇಲೇ ನಿಂತ ಒಂದು ಬುಡವನ್ನು ಒಳಗೆ ಸೇರಿಸಬೇಕಾ, ಹೊರಗೆ ಬಿಡಬೇಕಾ ಎಂದು ಮಾತು ಬೆಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಬುಡದ ವಿಷಯಕ್ಕೆ ಆಮೇಲೆ ಬರುತ್ತೇನೆ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಎಂಬ ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಗೆ ಕನಿಷ್ಠ 4 ಇಂಥ ಪ್ರಯೋಗ ಸಾಕು. ಉದಾಹರಣೆಗೆ ನಾಲ್ಕು ತುಣುಕಿನಲ್ಲಿ ಸಿಕ್ಕ ರಾಗಿ 4.2, 5.1, 3.6, 5.5 ಕೆ.ಜಿ. ಎಂದುಕೊಳ್ಳೋಣ. ಸರಾಸರಿ 4.6 ಕೆ.ಜಿ. ಹೆಕ್ಟೇರಿಗೆ 1840 ಕೆ.ಜಿ. ಇದು ಪಾಯಿಂಟ್ ಎಸ್ಟಿಮೇಟ್.

ಇದರ ಅನುಕೂಲ ಕಣ್ಣಿಗೆ ಕಾಣುವಂಥದ್ದು. ಎಲ್ಲರಿಗೂ ಅರ್ಥವಾಗುತ್ತದೆ. ಮುಂದಿನ ಲೆಕ್ಕಕ್ಕೆ ನೇರ ಹೋಗುತ್ತದೆ. ಬಿತ್ತನೆಯ ವಿಸ್ತೀರ್ಣದಿಂದ ಗುಣಿಸಿದರೆ ಪಂಚಾಯ್ತಿಯ ಒಟ್ಟು ರಾಗಿ ಸಿಗುತ್ತದೆ. ವಿಮೆಯ ಸೂತ್ರಕ್ಕೂ ಒಂದೇ ಅಂಕಿ ಬೇಕು: ಥ್ರೆಶೋಲ್ಡ್ ಇಳುವರಿಗಿಂತ (ವಿಮೆಗೆ ಮೊದಲೇ ಗೊತ್ತು ಮಾಡಿದ ಮಟ್ಟ) ಈ ಸಲದ ಇಳುವರಿ ಶೇಕಡಾ ಎಷ್ಟು ಕಮ್ಮಿಯೋ, ವಿಮಾ ಮೊತ್ತದಲ್ಲಿ ಅಷ್ಟು ಪಾಲು ಪರಿಹಾರ. ಥ್ರೆಶೋಲ್ಡ್ 2000 ಕೆ.ಜಿ. ಇದ್ದರೆ ನಮ್ಮ 1840ಕ್ಕೆ ಶೇ. 8 ಪರಿಹಾರ ಬರುತ್ತದೆ. ವಿಮೆಯವರಿಗೆ ವ್ಯಾಪ್ತಿ ಕೊಟ್ಟರೆ ಹಣ ಪಾವತಿ ಆಗುವುದಿಲ್ಲ. ಅಲ್ಲಿ ಒಂದೇ ಅಂಕಿ ಬೇಕೇ ಬೇಕು.

ಆದರೆ 1840 ಎಂಬ ಅಂಕಿ ತಾನು ಎಷ್ಟು ಗಟ್ಟಿ ಎಂದು ಹೇಳುವುದಿಲ್ಲ. 4 ಹೊಲದಿಂದ ಬಂದರೂ 1840, 400 ಹೊಲದಿಂದ ಬಂದರೂ 1840. ನೋಡಲು ಎರಡೂ ಒಂದೇ ಥರ. ಹಾಗಾಗಿ ಒಂದೇ ಅಂಕಿ ಕೊಡಲೇಬೇಕಾದ ಕಡೆ ಕೊಡಿ, ಪಕ್ಕದಲ್ಲಿ ವ್ಯಾಪ್ತಿಯನ್ನೂ ಬರೆದಿಡಿ.

ಒಂದೇ ಅಂಕಿ ಎಂದಾಗ ಸರಾಸರಿಯೋ, ಮೀಡಿಯನ್ನೋ ಎಂಬ ಪ್ರಶ್ನೆಯೂ ಬರುತ್ತದೆ. ಒಟ್ಟು ಮೊತ್ತ ಬೇಕಿದ್ದರೆ ಸರಾಸರಿ. ಊರಿನ ಸಾಮಾನ್ಯ ಮನೆಯೊಂದರ ಸ್ಥಿತಿ ಹೇಳಬೇಕಿದ್ದರೆ ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ. ಆದಾಯದ ಸರ್ವೆಯಲ್ಲಿ ಎರಡು ಲಾರಿ ಇಟ್ಟುಕೊಂಡ ಒಂದು ಮನೆ ಸಿಕ್ಕರೆ ಸಾಕು, ಸರಾಸರಿ ಎಲ್ಲೋ ಹೋಗಿ ಕೂರುತ್ತದೆ. 40 ಮನೆಯ ಸಂಸ್ಥೆಯವರು ಮೀಡಿಯನ್ ತಗೊಳ್ಳುವುದು ಒಳ್ಳೆಯದು.

ಝಡ್ಡೋ, ಟಿಯೋ

ಸರಾಸರಿಯ ಆಚೀಚೆ ವ್ಯಾಪ್ತಿ ಎಷ್ಟು ದೂರ ಹೋಗಬೇಕೆಂದು ಹೇಳುವ ಎರಡು ಗುಣಕಗಳಿವು. ಈ ಪ್ರಶ್ನೆಯಲ್ಲಿ ನನಗೆ ಅನುಮಾನವೇ ಇಲ್ಲ. ಅಳತೆಯ ಸರಾಸರಿಗೆ ಟಿ ತಗೊಳ್ಳಿ. ಯಾಕೆಂದು ನಮ್ಮ ನಾಲ್ಕು ರಾಗಿ ತುಣುಕಿನಲ್ಲೇ ನೋಡೋಣ.

ಸರಾಸರಿ 4.6ರಿಂದ ಒಂದೊಂದೂ ಎಷ್ಟು ದೂರ ಎಂದು ತೆಗೆಯಿರಿ: 0.4, 0.5, 1.0, 0.9. ಇವುಗಳ ವರ್ಗ ಕೂಡಿದರೆ 2.22. 3ರಿಂದ (ಸ್ಯಾಂಪಲ್‌ಗಿಂತ ಒಂದು ಕಮ್ಮಿ) ಭಾಗಿಸಿ ವರ್ಗಮೂಲ ತೆಗೆದರೆ 0.86. ಇದು ಸ್ಟ್ಯಾಂಡರ್ಡ್ ಡೀವಿಯೇಷನ್, ಹೊಲದಿಂದ ಹೊಲಕ್ಕೆ ಇರುವ ಏರುಪೇರು. ಸ್ಯಾಂಪಲ್ ಸಂಖ್ಯೆ 4ರ ವರ್ಗಮೂಲ 2. ಅದರಿಂದ ಭಾಗಿಸಿದರೆ 0.43. ಇದು ಸ್ಟ್ಯಾಂಡರ್ಡ್ ಎರರ್, ನಮ್ಮ ಸರಾಸರಿಯಲ್ಲಿರುವ ಅಲುಗಾಟ.

ಇನ್ನು ಈ 0.43ನ್ನು ಎಷ್ಟರಿಂದ ಗುಣಿಸಬೇಕು? ಶೇ. 95ರ ವ್ಯಾಪ್ತಿಗೆ (ಅದರ ಅರ್ಥ ಮುಂದೆ ಬರುತ್ತದೆ) ಝಡ್ ಆದರೆ 1.96. ಬಂದದ್ದನ್ನು 4.6ಕ್ಕೆ ಕೂಡಿಸಿ, 4.6ರಿಂದ ಕಳೆದು, ಎರಡನ್ನೂ 400ರಿಂದ ಗುಣಿಸಿ. ಆಗ ವ್ಯಾಪ್ತಿ ಹೆಕ್ಟೇರಿಗೆ ಸುಮಾರು 1500ರಿಂದ 2180 ಕೆ.ಜಿ. ಟಿ ಆದರೆ, 4 ತುಣುಕಿಗೆ 3.182. ಆಗ ಸುಮಾರು 1290ರಿಂದ 2390 ಕೆ.ಜಿ.

ಝಡ್ ವ್ಯಾಪ್ತಿ ಸಣ್ಣದು, ಚೆಂದ ಕಾಣುತ್ತದೆ. ಅದಕ್ಕೇ ಜನ ಅದಕ್ಕೆ ಮನಸೋಲುತ್ತಾರೆ. ಆದರೆ 1.96 ಒಪ್ಪುವುದು ಇಡೀ ಪಂಚಾಯ್ತಿಯ ಏರುಪೇರು ನಿಖರವಾಗಿ ಗೊತ್ತಿದ್ದಾಗ. ನಮಗೆ ಅದು ಎಲ್ಲಿ ಗೊತ್ತು? 0.86 ಕೂಡ ಅದೇ ನಾಲ್ಕು ಹೊಲದಿಂದ ತೆಗೆದ ಅಂದಾಜು. ಅಂದಾಜಿನ ಮೇಲೆ ಅಂದಾಜು. ಇದನ್ನು ಲೆಕ್ಕಕ್ಕೆ ತಗೊಳ್ಳದೆ 4 ಸ್ಯಾಂಪಲ್‌ಗೆ ಝಡ್ ಬಳಸಿದರೆ, ಶೇ. 95 ಎಂದು ಹೇಳಿಕೊಂಡ ವ್ಯಾಪ್ತಿ ನಿಜವಾದ ಸರಾಸರಿಯನ್ನು ಒಳಗೆ ಹಿಡಿಯುವುದು ಶೇ. 85–86ರಷ್ಟು ಸಲ ಮಾತ್ರ.

ಇದನ್ನು ಬಗೆಹರಿಸಿದ ಮನುಷ್ಯನಿಗೂ ಧಾನ್ಯವೇ ಕಾರಣ. ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಬಾರ್ಲಿಯ ಮೇಲೆ ಮಾಡಿದ ಪ್ರಯೋಗಗಳಲ್ಲಿ ಅವರಿಗೆ ಸಿಗುತ್ತಿದ್ದದ್ದೂ ಬೆರಳೆಣಿಕೆಯ ಸ್ಯಾಂಪಲ್‌ಗಳೇ. 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಅವರು ಬರೆದ ಲೇಖನದಿಂದಲೇ ಟಿ ಬಂತು. ನಮ್ಮ ರಾಗಿ ಹೊಲಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಸ್ಯಾಂಪಲ್ ಜಾಸ್ತಿಯಾದಂತೆ ಟಿ ಗುಣಕ ತಾನಾಗೇ ಇಳಿಯುತ್ತದೆ. 10ಕ್ಕೆ 2.262, 30ಕ್ಕೆ 2.045, ಇನ್ನೂ ಮೇಲೆ ಹೋದರೆ 1.96ರ ಹತ್ತಿರ. ಅಂದರೆ ಸ್ಯಾಂಪಲ್ ದೊಡ್ಡದಿದ್ದಾಗ ಟಿ ಬಳಸಿದರೆ ಏನೂ ಕಳೆದುಕೊಳ್ಳುವುದಿಲ್ಲ, ಸಣ್ಣದಿದ್ದಾಗ ಅದು ಕಾಪಾಡುತ್ತದೆ. "30ರ ಮೇಲಿದ್ದರೆ ಝಡ್" ಎಂಬ ನಿಯಮ ಟೇಬಲ್ ನೋಡಿ ಲೆಕ್ಕ ಮಾಡುತ್ತಿದ್ದ ಕಾಲದ್ದು. ಎಕ್ಸೆಲ್‌ನಲ್ಲಿ ಕಾನ್ಫಿಡೆನ್ಸ್.ನಾರ್ಮ್, ಕಾನ್ಫಿಡೆನ್ಸ್.ಟಿ ಎಂಬ ಎರಡು ಫಂಕ್ಷನ್ ಅಕ್ಕಪಕ್ಕದಲ್ಲೇ ಇವೆ. ನಾರ್ಮ್ ಎಂದರೆ ಝಡ್. ಆರಿಸುವಾಗ ಕಣ್ಣುಬಿಟ್ಟು ನೋಡಿ.

ಈಗ ಆ ವಿಮೆಯ ಲೆಕ್ಕಕ್ಕೆ ಒಮ್ಮೆ ವಾಪಸ್ ಬನ್ನಿ. ನಿಜವಾದ ಇಳುವರಿ 1290 ಆಗಿದ್ದರೆ ಪರಿಹಾರ ಶೇ. 35ರ ಮೇಲೆ. 2390 ಆಗಿದ್ದರೆ ಸೊನ್ನೆ. ನಾಲ್ಕು ತುಣುಕಿನ ಸಾಕ್ಷಿ ಇವೆರಡನ್ನೂ ತಳ್ಳಿಹಾಕುವುದಿಲ್ಲ. "ನಮ್ಮ ಹೊಲದಲ್ಲಿ ಏನೂ ಬಂದಿಲ್ಲ, ಪರಿಹಾರ ಮಾತ್ರ ಇಷ್ಟೇನಾ" ಎಂದು ರೈತರು ಕೇಳುವಾಗ ಈ ಅಗಲವನ್ನು ನೆನಪಿಡಬೇಕು. ಅವರ ದೂರಿನಲ್ಲಿ ಲೆಕ್ಕಶಾಸ್ತ್ರ ಒಪ್ಪುವ ಹುರುಳಿದೆ.

ಶೇ. 95 ಅಂದರೆ ಏನು, 80 ತಗೊಂಡರೆ ಆಗದಾ?

1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಗಟ್ಟಿ ತಳಹದಿ ಹಾಕಿದರು. ಅದರ ಅರ್ಥ ಹೀಗೆ. ಇದೇ ಪಂಚಾಯ್ತಿಯಲ್ಲಿ ಬೇರೆ ನಾಲ್ಕು ಹೊಲ ಸಿಕ್ಕಿದ್ದರೆ ಬೇರೆ ವ್ಯಾಪ್ತಿ ಬರುತ್ತಿತ್ತು. ಹೀಗೆ ಸಾವಿರಾರು ಸಲ ಮಾಡುತ್ತಾ ಹೋದರೆ, ನೂರಕ್ಕೆ 95ರಂತೆ ವ್ಯಾಪ್ತಿಗಳು ನಿಜವಾದ ಸರಾಸರಿಯನ್ನು ಒಳಗೆ ಹಿಡಿದಿರುತ್ತವೆ. ಭರವಸೆ ಇರುವುದು ವಿಧಾನದ ಮೇಲೆ. ನಮ್ಮ ಕೈಗೆ ಬಂದ ಈ ಒಂದು ವ್ಯಾಪ್ತಿ ಹಿಡಿದಿದೆಯೋ ಇಲ್ಲವೋ, ಅದು ನಮಗೆ ಕಾಣುವುದಿಲ್ಲ.

ಅದೇ ರಾಗಿಗೆ ಶೇ. 90 ತಗೊಂಡರೆ ಸುಮಾರು 1435–2245, ಶೇ. 80 ತಗೊಂಡರೆ 1560–2120. ವ್ಯಾಪ್ತಿ ಕಿರಿದಾಗುತ್ತದೆ, ತಪ್ಪುವ ಸಂಭವ ಹೆಚ್ಚುತ್ತದೆ. ಸಂಘದವರು ಎಷ್ಟು ಗೋಣಿಚೀಲ ತರಿಸಬೇಕೆಂದು ಲೆಕ್ಕ ಹಾಕುತ್ತಿದ್ದರೆ ಶೇ. 80 ಧಾರಾಳ ಸಾಕು. ಚೀಲ ಕಮ್ಮಿ ಬಿದ್ದರೆ ಇನ್ನೊಂದು ಕಟ್ಟು ತರಿಸಬಹುದು. ಪರಿಹಾರದ ತಕರಾರು, ಔಷಧಿ, ಪ್ರಕಟವಾಗುವ ವರದಿ ಎಂದರೆ 95ಕ್ಕಿಂತ ಕೆಳಗೆ ಇಳಿಯಬೇಡಿ. ಒಂದು ಮಾತ್ರ ಮಾಡಲೇಬೇಡಿ: ಲೆಕ್ಕ ಮುಗಿದ ಮೇಲೆ ವ್ಯಾಪ್ತಿ ಜಾಸ್ತಿ ಅಗಲ ಬಂತೆಂದು 95ರಿಂದ 80ಕ್ಕೆ ಇಳಿಯುವುದು. ಶೇಕಡಾವಾರು ಎಷ್ಟೆಂದು ಹೊಲಕ್ಕೆ ಹೋಗುವ ಮೊದಲೇ ಬರೆದಿಡಿ.

ಎಣಿಕೆಗೆ ಬೇರೆ ದಾರಿ: ಶೇಂಗಾದ 20 ಬೀಜ

ಗೋಣಿತಾಟು ಒದ್ದೆ ಮಾಡಿ, ಬೀಜ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನೆರಳಲ್ಲಿಟ್ಟು, ಹತ್ತು ದಿನ ಆದ ಮೇಲೆ ಬಿಚ್ಚಿ ಎಣಿಸುತ್ತಾರೆ. 20ರಲ್ಲಿ 17 ಮೊಳೆತಿವೆ, ಶೇ. 85. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಮೊಳಕೆ ಶೇ. 70 ಇರಬೇಕು. ಪಾಸಾಯಿತು ಎನ್ನಿಸುತ್ತದೆ.

ಪಠ್ಯಪುಸ್ತಕದ ಮಾಮೂಲಿ ಸೂತ್ರ ಹೀಗೆ: 0.85ನ್ನು 0.15ರಿಂದ ಗುಣಿಸಿ, 20ರಿಂದ ಭಾಗಿಸಿ, ವರ್ಗಮೂಲ ತೆಗೆದು, 1.96ರಿಂದ ಗುಣಿಸಿ, 0.85ಕ್ಕೆ ಕೂಡಿಸಿ, ಕಳೆಯುವುದು. ಇದನ್ನು ಹಾಕಿದರೆ ವ್ಯಾಪ್ತಿ ಶೇ. 69.4ರಿಂದ 100.6. ನೂರು ಬೀಜ ಹಾಕಿದರೆ ನೂರಕ್ಕಿಂತ ಜಾಸ್ತಿ ಮೊಳೆಯುತ್ತವೆಯಾ? ಸೂತ್ರಕ್ಕೆ ಅದು ಗೊತ್ತಿಲ್ಲ. ಇನ್ನೂ ಕೆಟ್ಟದ್ದು ನೋಡಿ: 20ಕ್ಕೆ 20 ಮೊಳೆತರೆ ಅದೇ ಸೂತ್ರ "100ರಿಂದ 100" ಎನ್ನುತ್ತದೆ. ಅನುಮಾನವೇ ಇಲ್ಲ ಎಂಬಂತೆ! ಸ್ಯಾಂಪಲ್ ಸಣ್ಣದಿದ್ದಾಗ, ಅಥವಾ ಶೇಕಡಾ 0 ಇಲ್ಲವೇ 100ರ ಹತ್ತಿರ ಇದ್ದಾಗ ಈ ಸೂತ್ರವನ್ನು ಬಿಟ್ಟೇಬಿಡಿ.

ಬದಲಿಗೆ ಏನು? ಮೂರು ಆಯ್ಕೆಗಳಿವೆ.

ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ವಿಧಾನ ನನ್ನ ಮೊದಲ ಆಯ್ಕೆ. ನಮ್ಮ ಬೀಜಕ್ಕೆ ಅದು ಶೇ. 64ರಿಂದ 95 ಎನ್ನುತ್ತದೆ. ಎಂದೂ 100 ದಾಟುವುದಿಲ್ಲ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಸೂತ್ರ ಸ್ವಲ್ಪ ಉದ್ದ. ಒಮ್ಮೆ ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಂಡರೆ ಆಯಿತು.

ಕಾಗದ–ಪೆನ್ನಷ್ಟೇ ಇದ್ದರೆ 1998ರ ಅಗ್ರೆಸ್ಟಿ–ಕೂಲ್ ಉಪಾಯ. ಮೊಳೆತದ್ದಕ್ಕೆ 2, ಮೊಳೆಯದ್ದಕ್ಕೆ 2 ಸೇರಿಸಿ. 17 ಇದ್ದದ್ದು 19, 20 ಇದ್ದದ್ದು 24. ಈಗ ಮಾಮೂಲಿ ಸೂತ್ರವನ್ನೇ ಹಾಕಿ. ಶೇ. 63ರಿಂದ 95 ಬರುತ್ತದೆ. ಐದು ನಿಮಿಷದ ಕೆಲಸ, ವಿಲ್ಸನ್‌ಗೆ ಹತ್ತಿರದ ಉತ್ತರ.

ಮೂರನೆಯದು ಕ್ಲಾಪರ್–ಪಿಯರ್ಸನ್, 1934ರದ್ದು. ಶೇ. 62ರಿಂದ 97 ಕೊಡುತ್ತದೆ. ಹೇಳಿದ ಶೇ. 95ಕ್ಕಿಂತ ಎಂದೂ ಕಮ್ಮಿ ಹಿಡಿಯುವುದಿಲ್ಲ ಎಂಬ ಖಾತ್ರಿ ಇದೆ. ಅದಕ್ಕೆ ತೆರುವ ಬೆಲೆ ಎಂದರೆ ವ್ಯಾಪ್ತಿ ಬೇಕಾದ್ದಕ್ಕಿಂತ ಸ್ವಲ್ಪ ಅಗಲ. ವಿಷಯ ಗ್ರಾಹಕರ ವೇದಿಕೆಗೋ ಕೋರ್ಟಿಗೋ ಹೋಗುವಂತಿದ್ದರೆ ಇದನ್ನೇ ಬಳಸಿ.

ಯಾವುದನ್ನೇ ತಗೊಳ್ಳಿ, ಕೆಳಗಿನ ತುದಿ 70ಕ್ಕಿಂತ ಕೆಳಗೇ ಇದೆ. ಅಂದರೆ 20 ಬೀಜದ ಸಾಕ್ಷಿಯಿಂದ "ಪಾಸು" ಎನ್ನಲು ಬರುವುದಿಲ್ಲ. 100 ಬೀಜ ಇಟ್ಟು 85 ಮೊಳೆತಿದ್ದರೆ ವಿಲ್ಸನ್ ವ್ಯಾಪ್ತಿ ಶೇ. 77ರಿಂದ 91 ಆಗುತ್ತಿತ್ತು, ನಿಶ್ಚಿಂತೆಯಿಂದ ಬಿತ್ತಬಹುದಿತ್ತು. ಅದೇ ಶೇ. 85, ಆದರೆ ಎರಡಕ್ಕೂ ಎಷ್ಟು ವ್ಯತ್ಯಾಸ!

ಒಂದೂ ಕೆಟ್ಟದ್ದು ಸಿಗಲಿಲ್ಲ ಎನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ: 3ನ್ನು ಸ್ಯಾಂಪಲ್‌ನಿಂದ ಭಾಗಿಸಿ. 20ಕ್ಕೆ 20 ಮೊಳೆತರೆ 3/20, ಅಂದರೆ ಕೆಟ್ಟ ಬೀಜ ಶೇ. 15ರವರೆಗೂ ಇರಬಹುದು. ಸ್ಯಾಂಪಲ್ ತೀರಾ ಸಣ್ಣದಲ್ಲದಿದ್ದರೆ ಇದು ಚೆನ್ನಾಗಿ ನಡೆಯುತ್ತದೆ.

ಬೂಟ್‌ಸ್ಟ್ರ್ಯಾಪ್ ಬೇಕಾ?

ಮೀಡಿಯನ್‌ಗೆ, ಅನುಪಾತಕ್ಕೆ, ಸರಳ ಸೂತ್ರ ಸಿಗದ ಕಡೆಗೆಲ್ಲ ಬ್ರ್ಯಾಡ್ಲಿ ಎಫ್ರಾನ್ 1979ರಲ್ಲಿ ಕೊಟ್ಟ ಬೂಟ್‌ಸ್ಟ್ರ್ಯಾಪ್ ಒಳ್ಳೆಯದು. ನಿಮ್ಮ 40 ಮನೆಯ ಚೀಟಿಗಳನ್ನು ಡಬ್ಬಿಗೆ ಹಾಕಿ, ಒಂದು ತೆಗೆದು ನೋಡಿ ಮತ್ತೆ ಒಳಗೆ ಹಾಕುತ್ತಾ 40 ಸಲ ಎತ್ತಿ, ಮೀಡಿಯನ್ ಬರೆದುಕೊಳ್ಳಿ. ಕಂಪ್ಯೂಟರ್ ಇದನ್ನು ಸಾವಿರಾರು ಸಲ ಮಾಡುತ್ತದೆ. ಬಂದ ಮೀಡಿಯನ್‌ಗಳ ನಡುವಿನ ಶೇ. 95 ಭಾಗ ನಿಮ್ಮ ವ್ಯಾಪ್ತಿ. ಆರ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

ಸಣ್ಣ ಸ್ಯಾಂಪಲ್‌ಗೆ ಇದು ಮದ್ದಲ್ಲ. 4 ತುಣುಕಿನ ರಾಗಿಯಿಂದ ಹೀಗೆ ಎತ್ತಿದರೆ ಬರಬಹುದಾದ ಬೇರೆ ಬೇರೆ ಗುಂಪುಗಳು ಒಟ್ಟು 35 ಮಾತ್ರ. ಹತ್ತು ಸಾವಿರ ಸಲ ತಿರುಗಿಸಿದರೂ ಅವೇ 35.

ಆದಾಯದವರಿಗೆ ಇನ್ನೊಂದು ಲಾಭವೂ ಇದೆ. 60 ಮನೆಯಲ್ಲಿ 40 ನೋಡಿಯಾಗಿದೆ, ಗೊತ್ತಿಲ್ಲದ್ದು 20 ಮಾತ್ರ. ಸರಾಸರಿಗೆ ಟಿ ವ್ಯಾಪ್ತಿ ಹಾಕುವುದಾದರೆ ಸ್ಟ್ಯಾಂಡರ್ಡ್ ಎರರನ್ನು 20/60ರ ವರ್ಗಮೂಲದಿಂದ, ಅಂದರೆ ಸುಮಾರು 0.58ರಿಂದ ಗುಣಿಸಬಹುದು. ಸಣ್ಣ ಊರಿನಲ್ಲಿ ಸರ್ವೆ ಮಾಡುವವರು ಇದನ್ನು ಮರೆತು ಸುಮ್ನೆ ಅಗಲದ ವ್ಯಾಪ್ತಿ ಬರೆಯುತ್ತಾರೆ.

ಯಾವ ವ್ಯಾಪ್ತಿಯೂ ಹಿಡಿಯದ ತಪ್ಪು

ಹಗ್ಗದ ಮೇಲೆ ನಿಂತ ಆ ರಾಗಿ ಬುಡ ನೆನಪಿದೆಯಾ? 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತೋರಿಸಿಕೊಟ್ಟದ್ದು ಅದನ್ನೇ. ತುಣುಕು ಸಣ್ಣದಾದಷ್ಟೂ ಒಳಜಾಗಕ್ಕೆ ಹೋಲಿಸಿದರೆ ಅಂಚು ಜಾಸ್ತಿ. ಅಂಚಿನ ಗಿಡಗಳನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಸಣ್ಣ ತುಣುಕು ಇಳುವರಿಯನ್ನು ಯಾವಾಗಲೂ ಜಾಸ್ತಿ ತೋರಿಸುತ್ತದೆ. ಬಂಗಾಳದ ಸರ್ವೆಗಳಲ್ಲಿ ಸಣ್ಣ ತುಣುಕು ಬಳಸಿದ್ದ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರಿಗೂ ಸುಖಾತ್ಮೆ ಅವರಿಗೂ ಇದರ ಮೇಲೆ ದೊಡ್ಡ ವಾದವೇ ನಡೆಯಿತು.

ಇಂಥ ಒಂದೇ ದಿಕ್ಕಿನ ತಪ್ಪನ್ನು ಟಿ, ವಿಲ್ಸನ್, ಬೂಟ್‌ಸ್ಟ್ರ್ಯಾಪ್ ಯಾವುದೂ ಕಾಣುವುದಿಲ್ಲ. ಸಾವಿರ ತುಣುಕು ಕೊಯ್ದರೆ ವ್ಯಾಪ್ತಿ ದಾರದಷ್ಟು ಸಣ್ಣದಾಗುತ್ತದೆ, ತಪ್ಪು ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮಹಾಲನೋಬಿಸ್ ತಮ್ಮ ಸರ್ವೆಗಳಲ್ಲಿ ಒಂದೇ ಪ್ರದೇಶಕ್ಕೆ ಎರಡು ಬೇರೆ ತಂಡ ಕಳಿಸಿ, ಎರಡರ ಅಂದಾಜನ್ನೂ ತಾಳೆ ನೋಡುತ್ತಿದ್ದರು. ಎರಡೂ ತಂಡ ಒಂದೇ ತಪ್ಪು ಮಾಡಿದರೆ ಅದೂ ಸಿಗುವುದಿಲ್ಲ, ಆದರೆ ಒಂದು ತಂಡದ ಕೈಚಳಕ ಗೊತ್ತಾಗುತ್ತದೆ. ವಿದ್ಯಾರ್ಥಿಗಳಿಗೆ ಈ ಉಪಾಯ ಖರ್ಚಿಲ್ಲದೆ ಸಿಗುತ್ತದೆ: ಅರ್ಧ ಹೊಲ ಒಬ್ಬರು, ಅರ್ಧ ಹೊಲ ಇನ್ನೊಬ್ಬರು.

ಅಕ್ಕಪಕ್ಕದ ಹೊಲಗಳ ವಿಷಯದಲ್ಲೂ ಎಚ್ಚರ ಇರಲಿ. ಒಂದೇ ಊರಿನ ಹತ್ತು ಹೊಲಕ್ಕೆ ಬಿದ್ದದ್ದು ಒಂದೇ ಮಳೆ. ಅವನ್ನು ಹತ್ತು ಬೇರೆ ಬೇರೆ ಸಾಕ್ಷಿ ಎಂದು ಎಣಿಸಿ ಇಡೀ ಹೋಬಳಿಯ ವ್ಯಾಪ್ತಿ ತೆಗೆದರೆ ಅದು ಸುಳ್ಳೇ ಸಣ್ಣದಾಗಿರುತ್ತದೆ. ಹತ್ತು ಪ್ರಯೋಗಕ್ಕೆ ಹಣವಿದ್ದರೆ ಒಂದು ಊರಲ್ಲಿ ಹತ್ತು ಮಾಡುವ ಬದಲು ಹತ್ತು ಊರಲ್ಲಿ ಒಂದೊಂದು ಮಾಡಿ.

ಹಣ, ಹೊತ್ತು, ಆಯ್ಕೆ

ಸ್ಟ್ಯಾಂಡರ್ಡ್ ಎರರ್ ಅರ್ಧವಾಗಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಆಗಬೇಕು. ರಾಗಿಯಲ್ಲಿ 4ರ ಬದಲು 16 ತುಣುಕು ಕೊಯ್ದು, ಸರಾಸರಿ ಮತ್ತು ಏರುಪೇರು ಅಷ್ಟೇ ಬಂದರೆ, ವ್ಯಾಪ್ತಿ ಸುಮಾರು 1657ರಿಂದ 2023. ಮೊದಲು 1100 ಕೆ.ಜಿ. ಅಗಲವಿದ್ದದ್ದು 370ಕ್ಕೆ ಇಳಿಯಿತು. ಮೂರನೇ ಒಂದು ಆಗಲು ಕಾರಣ, ಟಿ ಗುಣಕವೂ 2.131ಕ್ಕೆ ಇಳಿದದ್ದು. ಆದ್ದರಿಂದ 4, 5 ಎಂಬ ಹಂತದಲ್ಲಿ ಇರುವವರಿಗೆ ಇನ್ನೊಂದೆರಡು ತುಣುಕಿನ ಖರ್ಚು ಬಹಳ ಲಾಭದ್ದು. 100 ಇದ್ದದ್ದನ್ನು 110 ಮಾಡುವುದರಲ್ಲಿ ಅಂಥ ಲಾಭವಿಲ್ಲ, ಆ ಹಣದಲ್ಲಿ ಕೊಯ್ಯುವವರಿಗೆ ತರಬೇತಿ ಕೊಡಿ.

ಪ್ರಾಜೆಕ್ಟಿನ ಹುಡುಗಿಗೆ ನಾನು ಹೇಳಿದ್ದು ಟಿ, ಶೇ. 95. ಅವಳು ವರದಿಯಲ್ಲಿ ಬರೆದ ಸಾಲು ಹೀಗಿತ್ತು: "ಸರಾಸರಿ ಇಳುವರಿ ಹೆಕ್ಟೇರಿಗೆ 1840 ಕೆ.ಜಿ.; 4 ತುಣುಕುಗಳು; ಶೇ. 95 ಟಿ ವ್ಯಾಪ್ತಿ 1290–2390." ಅಂಕಿ, ಸ್ಯಾಂಪಲ್, ವಿಧಾನ, ವ್ಯಾಪ್ತಿ, ನಾಲ್ಕೂ ಇವೆ. ಮನೆಗಳ ಸರ್ವೆಯವರಿಗೆ ಮೀಡಿಯನ್, ಜೊತೆಗೆ ಬೂಟ್‌ಸ್ಟ್ರ್ಯಾಪ್. ದಾನಿಗಳು ಸರಾಸರಿಯನ್ನೇ ಕೇಳಿದರೆ ಟಿ ಹಾಕಿ 0.58ರಿಂದ ಗುಣಿಸಿ.

ಶೇಂಗಾದವರಿಗೆ ಬಿತ್ತನೆಗೆ ಇನ್ನೂ ಹದಿನೈದು ದಿನ ಇತ್ತು. ಮೂಟೆಗೆ ಚೀಟಿ ಅಂಟಿಸುವುದು ಬೇಡ, ಅದೇ ಮೂಟೆಗಳ ಮೇಲೆ, ನಡುವೆ, ತಳದಿಂದ ಇನ್ನೂ 80 ಬೀಜ ತೆಗೆದು ಇವತ್ತೇ ಒದ್ದೆ ಗೋಣಿಗೆ ಸುತ್ತಿಡಿ ಎಂದೆ. ಹತ್ತನೇ ದಿನ ಎಣಿಸಿ, ಮೊದಲಿನ 20ರ ಜೊತೆ ಕೂಡಿಸಿ ಮತ್ತೆ ವಿಲ್ಸನ್ ಹಾಕಬೇಕು. ನೂರಕ್ಕೆ 80 ಮೊಳೆತರೆ ಕೆಳಗಿನ ತುದಿ ಶೇ. 71, ಬಿತ್ತಬಹುದು. ಅದಕ್ಕಿಂತ ಕಮ್ಮಿ ಬಂದರೆ ಎಕರೆಗೆ ಬೀಜ ಜಾಸ್ತಿ ಹಾಕುವುದೋ, ಬೇರೆ ಬೀಜ ತರುವುದೋ ಎಂದು ಯೋಚಿಸಲು ಅವರ ಕೈಯಲ್ಲಿ ಇನ್ನೂ ಐದು ದಿನ ಉಳಿದಿರುತ್ತದೆ.